ಜೇನುಮೇಣ, ಬಣ್ಣ, ಬಿಸಿ: ಸಮ್ಮೇಳನಕ್ಕೆ ಹೊರಡುವ ಮುನ್ನ

(ಕಲಾವಿದರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮೇಣದಲ್ಲಿ ಚಿತ್ರ ಬರೆಯುತ್ತೇನೆ ಅಂದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಬಿಸಿಲಿಗೆ ಕರಗಿಹೋಗಲ್ವಾ? ಇಲ್ಲೂ ಯಾರಾದರೂ ಕೇಳಿಯೇ ಕೇಳುತ್ತೀರಿ. ಹಾಗಾಗಿ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ರಾಳ ಬೆರೆಸಿದರೆ ಇನ್ನೂ ಸ್ವಲ್ಪ ಮೇಲೆ. ಅಷ್ಟು ಬಿಸಿಯಾಗುವ ಕೋಣೆಯಲ್ಲಿ ಚಿತ್ರ ಉಳಿಯುವುದು ಆಮೇಲಿನ ಮಾತು, ನಾವೇ ಉಳಿಯುವುದಿಲ್ಲ. ನೇರ ಬಿಸಿಲು ಬೀಳುವ ಗೋಡೆ ಬೇಡ. ಬಾಗಿಲು ಮುಚ್ಚಿದ ಕಾರಿನೊಳಗೆ ಬಿಟ್ಟು ಹೋಗಬೇಡಿ. ಅಷ್ಟೇ. ನನಗಂತೂ ಬಿಸಿಗಿಂತ ಚಳಿಯದ್ದೇ ಹೆದರಿಕೆ ಜಾಸ್ತಿ. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಮೇಣ ಪೆಡಸಾಗುತ್ತದೆ. ಆಗ ಒಂದು ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ.

ಇನ್ನೊಂದು ಸಾಕ್ಷಿಯೂ ಇದೆ. ರೋಮಿನ ಪ್ಲಿನಿ ಒಂದನೇ ಶತಮಾನದಲ್ಲಿ ಬರೆದ ದೊಡ್ಡ ಗ್ರಂಥದ 35ನೇ ಭಾಗ ಚಿತ್ರಕಲೆಯ ಬಗ್ಗೆ ಇದೆ. ಬೆಂಕಿಯಲ್ಲಿ ಕರಗಿಸಿದ ಮೇಣವನ್ನು ಕುಂಚದಿಂದ ಹಡಗುಗಳಿಗೆ ಬಳಿಯುತ್ತಿದ್ದರು ಅಂತ ಅದರಲ್ಲಿ ಬರುತ್ತದೆ. ಬಿಸಿಲಿಗೂ ಉಪ್ಪುನೀರಿಗೂ ಗಾಳಿಗೂ ಆ ಬಣ್ಣ ಕೆಡುವುದಿಲ್ಲ ಅನ್ನುತ್ತಾನೆ ಆತ. ಸಮುದ್ರದಲ್ಲಿ ತಡೆದುಕೊಂಡದ್ದು ನಿಮ್ಮ ಹಜಾರದಲ್ಲಿ ತಡೆದುಕೊಳ್ಳುತ್ತದೆ ಬಿಡಿ.

ಈಗ ವಿಷಯಕ್ಕೆ ಬರುತ್ತೇನೆ. ಇನ್ನು ಸ್ವಲ್ಪ ದಿನಕ್ಕೆ ನಾನು ಎನ್‌ಕಾಸ್ಟಿಕ್, ಅಂದರೆ ಬಿಸಿ ಮೇಣದಲ್ಲಿ ಚಿತ್ರ ಬರೆಯುವ ಕಲಾವಿದರ ಸಮ್ಮೇಳನವೊಂದಕ್ಕೆ ಹೊರಟಿದ್ದೇನೆ. ಮೊದಲು ಮಾತುಕತೆ, ಪ್ರಾತ್ಯಕ್ಷಿಕೆ, ಪ್ರದರ್ಶನ. ಅದು ಮುಗಿದ ಮೇಲೆ ವರ್ಕ್‌ಶಾಪ್‌ಗಳು. ಸಾಮಾನ್ಯವಾಗಿ ಹೋಗಿಬಂದ ಮೇಲೆ ಕರೆದು ಮಾತಾಡಿಸುತ್ತಾರೆ. ನೀವು ಹೋಗುವ ಮುಂಚೆಯೇ ಕರೆದಿದ್ದೀರಿ. ಒಳ್ಳೆಯದೇ ಆಯಿತು. ಅಲ್ಲಿಂದ ನನಗೆ ಏನು ಬೇಕು ಅನ್ನುವುದನ್ನು ನಾಲ್ಕು ಜನರ ಮುಂದೆ ಹೇಳಬೇಕಾದಾಗ ನನಗೂ ಅದು ಸ್ಪಷ್ಟವಾಗುತ್ತದೆ.

ನನಗೆ ಬೇಕಾದದ್ದು ಇಷ್ಟು: ಬೇರೆಯವರು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ಅವರ ಕೈ ನೋಡಬೇಕು. ಬಿಸಿಗಾಳಿ ಊದುವ ಹೀಟ್ ಗನ್ ಹಲಗೆಯಿಂದ ಎಷ್ಟು ದೂರದಲ್ಲಿದೆ, ಯಾವ ವೇಗದಲ್ಲಿ ಸರಿಯುತ್ತಿದೆ, ಯಾವ ಗಳಿಗೆಯಲ್ಲಿ ಹಿಂದಕ್ಕೆ ಬಂತು. ಇದಕ್ಕಾಗಿ ಇಷ್ಟು ದೂರ ಹೋಗಬೇಕಾ, ವಿಡಿಯೊ ಇಲ್ವಾ ಅಂತ ನೀವು ಕೇಳಬಹುದು. ಇದೆ, ಬೇಕಾದಷ್ಟಿದೆ. ಆದರೂ ಯಾಕೆ ಸಾಲದು ಅನ್ನುವುದಕ್ಕೆ ಈ ಕೆಲಸ ಹೇಗೆ ನಡೆಯುತ್ತದೆ ಅಂತ ಮೊದಲು ಹೇಳಬೇಕು.

ಎಣ್ಣೆಬಣ್ಣದಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುವುದು ಎಣ್ಣೆ. ಇಲ್ಲಿ ಆ ಕೆಲಸ ಜೇನುಮೇಣದ್ದು. ಬರೀ ಮೇಣ ಮೆತ್ತಗೆ, ಉಗುರು ತಾಗಿದರೂ ಗೀರು. ಅದಕ್ಕೆ ಡಾಮರ್ ರಾಳ ಸೇರಿಸುತ್ತಾರೆ. ರಸ್ತೆಗೆ ಹಾಕುವ ಡಾಮರಲ್ಲ, ಗಾಬರಿಯಾಗಬೇಡಿ. ಆಗ್ನೇಯ ಏಷ್ಯಾದ ಕೆಲವು ಕಾಡುಮರಗಳಿಂದ ಒಸರುವ ಅಂಟು ಇದು. ತಿಳಿಹಳದಿ ಹರಳುಗಳಾಗಿ ಸಿಗುತ್ತದೆ. ಜೊತೆಗೆ ತೊಗಟೆಯ ಚೂರು, ಒಂದಿಷ್ಟು ಕಸ ಉಚಿತ. ಮೇಣದ ಜೊತೆ ನಿಧಾನವಾಗಿ ಕರಗಿಸಿ, ಬಟ್ಟೆಯಲ್ಲಿ ಸೋಸಬೇಕು. ತೂಕದಲ್ಲಿ ಎಂಟು ಪಾಲು ಮೇಣಕ್ಕೆ ಒಂದು ಪಾಲು ರಾಳ ಅನ್ನುವುದು ತುಂಬ ಜನ ಬಳಸುವ ಅಳತೆ. ರಾಳ ಹೆಚ್ಚಿದಷ್ಟೂ ಗಟ್ಟಿ, ಹೊಳಪೂ ಹೆಚ್ಚು. ಆದರೆ ಅಷ್ಟೇ ಬೇಗ ಬಿರಿಯುತ್ತದೆ. ಹೀಗೆ ತಯಾರಾದ ಪಾಕಕ್ಕೆ ಬಣ್ಣ ಬೆರೆಸಿದರೆ ಎನ್‌ಕಾಸ್ಟಿಕ್ ಬಣ್ಣ.

ಇದನ್ನು ಚಿಕ್ಕ ಡಬ್ಬಿಗಳಲ್ಲಿ ಹಾಕಿ ವಿದ್ಯುತ್ ಕಾವಲಿಯ ಮೇಲೆ ಕರಗಿಸಿ ಇಟ್ಟುಕೊಳ್ಳುತ್ತೇವೆ. 80ರಿಂದ 90 ಡಿಗ್ರಿಯ ಆಸುಪಾಸು. 93 ಡಿಗ್ರಿ ದಾಟಿಸಬೇಡಿ ಅನ್ನುವುದು ಈ ಕೆಲಸ ಮಾಡುವವರಲ್ಲಿ ಬಳಕೆಯಲ್ಲಿರುವ ಗೆರೆ. ಮೇಣ ಹೊಗೆಯಾಡುತ್ತಿದೆ ಅಂದರೆ ಅದು ಒಡೆಯುತ್ತಿದೆ ಅಂತ ಅರ್ಥ. ಆಗ ಹೊರಬರುವ ಅಕ್ರೋಲಿನ್‌ನಂಥ ಅನಿಲ ಕಣ್ಣು, ಗಂಟಲು ಎಲ್ಲವನ್ನೂ ಉರಿಸುತ್ತದೆ. ಕಾವಲಿಯ ಗುಂಡಿ ತೋರಿಸುವ ಅಂಕಿಯನ್ನು ನಂಬಬಾರದು. ಅದರ ಮೇಲ್ಮೈಗೆ ಥರ್ಮಾಮೀಟರ್ ಇಟ್ಟು ನೋಡಬೇಕು. ಒಂದೇ ಕಾವಲಿಯ ನಡುವೆ ಒಂದು ಬಿಸಿ, ಮೂಲೆಯಲ್ಲಿ ಒಂದು ಬಿಸಿ.

ಕುಂಚ ಪ್ರಾಣಿಗಳ ಕೂದಲಿನದೇ ಆಗಬೇಕು. ನೈಲಾನ್ ಕುಂಚವಾದರೆ ಬಿಸಿಗೆ ಸೊಟ್ಟಗಾಗುತ್ತದೆ, ಕರಗಲೂಬಹುದು. ಅದ್ದಿ ತೆಗೆದ ಕುಂಚ ಹಲಗೆ ಮುಟ್ಟುವಷ್ಟರಲ್ಲೇ ಬಣ್ಣ ಬಿಗಿಯಲು ಶುರು. ಒಂದೋ ಎರಡೋ ಎಳೆತ, ಆಮೇಲೆ ಕುಂಚ ಮೊಂಡು. ಎಣ್ಣೆಬಣ್ಣದವರಿಗೆ ಇದು ಹಿಂಸೆ. ನಾಳೆ ಬಂದು ಮತ್ತೆ ತಿದ್ದುವ ಅಭ್ಯಾಸ ಇರುತ್ತದಲ್ಲ. ಹಲಗೆಯೂ ಬಾಗದ ಹಾಗಿರಬೇಕು, ಮೇಣವನ್ನು ಹೀರುವ ಹಾಗಿರಬೇಕು. ಏನೂ ಬಳಿಯದ ಬರೀ ಪ್ಲೈವುಡ್ ಒಳ್ಳೆಯದು. ಅಂಗಡಿಯಲ್ಲಿ ಸಿಗುವ ಮಾಮೂಲಿ ಅಕ್ರಿಲಿಕ್ ಗೆಸ್ಸೊ ಅನ್ನುವ ತಳಬಣ್ಣ ಬಳಿದ ಕ್ಯಾನ್‌ವಾಸ್ ಬೇಡ. ಅದು ಪ್ಲಾಸ್ಟಿಕ್ ಪದರ, ಮೇಣಕ್ಕೆ ಅಲ್ಲಿ ಹಿಡಿತ ಸಿಗುವುದಿಲ್ಲ.

ಇಷ್ಟೂ ಬರೆದು ಕೊಡಬಹುದಾದ ವಿಷಯ. ಓದಿ ಕಲಿಯಬಹುದು. ಕಷ್ಟ ಇರುವುದು ಇದರ ಮುಂದಿನ ಹಂತದಲ್ಲಿ. ಬೆಸೆಯುವುದರಲ್ಲಿ.

ಒಂದು ಪದರ ಬಳಿದಿರಿ. ಅದು ತಣ್ಣಗಾಗಿ ಕೂತಿದೆ. ಅದರ ಮೇಲೆ ಇನ್ನೊಂದು ಬಳಿದಿರಿ. ನೋಡುವುದಕ್ಕೆ ಎರಡೂ ಅಂಟಿಕೊಂಡ ಹಾಗೆ ಕಾಣುತ್ತವೆ. ಅಂಟಿಕೊಂಡಿರುವುದಿಲ್ಲ. ಮೇಲಿನದನ್ನು ಮತ್ತೆ ಬಿಸಿ ಮಾಡಿ ಕೆಳಗಿನದರ ಜೊತೆ ಬೆಸೆಯದೆ ಇದ್ದರೆ ಯಾವತ್ತೋ ಒಂದು ದಿನ ಪದರ ಪದರವಾಗಿ ಏಳುತ್ತದೆ. ಹಾಗಾಗಿ ಪ್ರತಿ ಪದರಕ್ಕೂ ಬಿಸಿ ಕೊಡಬೇಕು. ಹೀಟ್ ಗನ್ನೋ, ಬೆಂಕಿ ಉಗುಳುವ ಗ್ಯಾಸ್ ಟಾರ್ಚೋ, ಇಸ್ತ್ರಿ ಪೆಟ್ಟಿಗೆಯೋ, ನಿಮ್ಮಿಷ್ಟ. ಬಿಸಿ ತಾಗಿದಾಗ ಆಗುವುದನ್ನು ಹತ್ತಿರದಿಂದ ನೋಡಬೇಕು. ಮೊದಲು ಏನೂ ಇಲ್ಲ. ಮಂಕಾಗಿರುವ ಮೇಲ್ಮೈ ಹಾಗೇ ಇರುತ್ತದೆ. ಆಮೇಲೆ ಒಂದು ಕಡೆ ಒದ್ದೆಯಾದ ಹಾಗೆ ಹೊಳಪು ಮೂಡುತ್ತದೆ. ಆ ಹೊಳಪಿನ ಅಂಚು ಗನ್ನಿನ ಹಿಂದೆಯೇ ಸರಿಯುತ್ತದೆ. ಕುಂಚದ ಗೆರೆಗಳ ಏಣು ಸ್ವಲ್ಪ ಮೆತ್ತಗಾಗುತ್ತದೆ. ಸಾಕು, ಅಲ್ಲಿಗೆ ಬೆಸುಗೆಯಾಯಿತು. ಇನ್ನೊಂದು ಉಸಿರಿನಷ್ಟು ಹೊತ್ತು ನಿಂತರೆ ಹೊಳಪು ಕೊಳವಾಗುತ್ತದೆ. ಕೆಳಗಿನ ನೀಲಿ ಮೇಲಿನ ಬಿಳಿಯೊಳಗೆ ನುಗ್ಗುತ್ತದೆ. ಗೆರೆಗಳು ಮಾಯ. ಹರಳಿನ ಹಾಗೆ ಚೊಕ್ಕವಾಗಿದ್ದ ಅಂಚು ಕದಡಿದ ಕೆಸರು.

ಬೇಕು ಅಂತಲೇ ಹಾಗೆ ಮಾಡುವವರೂ ಇದ್ದಾರೆ, ಅದು ಬೇರೆ. ಬೇಡದಾಗ ಆಗಬಾರದು. ಹೊಳಪಿಗೂ ಕೊಳಕ್ಕೂ ನಡುವಿನ ಆ ಸಂದು ಎಷ್ಟು? ಬಣ್ಣಕ್ಕೆ ತಕ್ಕ ಹಾಗೆ ಬೇರೆ, ಪದರದ ದಪ್ಪಕ್ಕೆ ತಕ್ಕ ಹಾಗೆ ಬೇರೆ, ಆ ದಿನದ ಕೋಣೆಯ ಬಿಸಿಗೆ ತಕ್ಕ ಹಾಗೆ ಬೇರೆ. ಪುಸ್ತಕದಲ್ಲಿ ‘ಮೇಲ್ಮೈ ಹೊಳೆಯುವವರೆಗೆ’ ಅಂತ ಇರುತ್ತದೆ. ಪುಸ್ತಕದ ಬದನೆಕಾಯಿ ಅಂದರೆ ಇದೇ. ವಿಡಿಯೊದಲ್ಲಿ ಕ್ಯಾಮೆರಾ ಮೇಲಿನಿಂದ ನೋಡುತ್ತಿರುತ್ತದೆ. ಹೊಳಪು ಕಾಣುವುದು ಓರೆಯಿಂದ. ಹಲಗೆಯ ಪಕ್ಕ ಬಗ್ಗಿ, ಕಿಟಕಿಯ ಬೆಳಕು ಎದುರಿಗೆ ಬರುವ ಹಾಗೆ ನಿಂತರೆ ಮಾತ್ರ ಆ ಅಂಚು ಸರಿಯುವುದು ತಿಳಿಯುತ್ತದೆ. ಹಾಗಾಗಿ ಪಕ್ಕದಲ್ಲಿ ನಿಲ್ಲಬೇಕು ಅಂದೆ.

ಬೇರೆ ಮಾಧ್ಯಮಗಳಲ್ಲಿ ಹೀಗೆ ಪಕ್ಕದಲ್ಲಿ ನಿಂತು ಕಲಿತವರ ಸಾಲು ಇದೆ. ಎಣ್ಣೆಬಣ್ಣ ಹಾಕುವ ಯಾರಿಗೇ ಆಗಲಿ, ಅವರ ಗುರು, ಆ ಗುರುವಿನ ಗುರು ಅಂತ ಹಿಂದಕ್ಕೆ ಹೋಗುವ ದಾರಿ ಇದೆ. ಮೇಣಕ್ಕೆ ಅದು ಕಡಿದುಹೋಗಿದೆ. ಇದೇ ನನಗೆ ಇಡೀ ವಿಷಯದಲ್ಲಿ ತುಂಬ ಕಾಡುವ ಸಂಗತಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಸಹಿಸಿಕೊಳ್ಳಿ.

ಈಜಿಪ್ಟಿನ ಫಯೂಮ್ ಪ್ರದೇಶದ ಶವಚಿತ್ರಗಳನ್ನು ನೀವು ಚಿತ್ರಗಳಲ್ಲಾದರೂ ನೋಡಿರುತ್ತೀರಿ. ಕ್ರಿಸ್ತಶಕ ಒಂದರಿಂದ ಮೂರನೇ ಶತಮಾನದವು. ಸತ್ತವರ ಮುಖವನ್ನು ತೆಳು ಹಲಗೆಯ ಮೇಲೆ ಬರೆದು ಮಮ್ಮಿಯ ಮುಖದ ಜಾಗದಲ್ಲಿ ಕಟ್ಟುತ್ತಿದ್ದರು. 1888ರಲ್ಲಿ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಅಲ್ಲಿಯ ಹವಾರಾದಲ್ಲಿ ಅಗೆದಾಗ ರಾಶಿಯಾಗಿ ಸಿಕ್ಕವು. ಈಗ ಒಟ್ಟು ಸುಮಾರು 900 ಚಿತ್ರಗಳು ಜಗತ್ತಿನ ಬೇರೆ ಬೇರೆ ಮ್ಯೂಸಿಯಂಗಳಲ್ಲಿವೆ. ಎಲ್ಲವೂ ಮೇಣದವಲ್ಲ, ಕೆಲವು ಟೆಂಪೆರಾ, ಅಂದರೆ ಮೊಟ್ಟೆಯಲ್ಲೋ ಅಂಟಿನಲ್ಲೋ ಕಲಸಿದ ಬಣ್ಣ. ಮೇಣದವನ್ನು ಹತ್ತಿರದಿಂದ ನೋಡಿದರೆ ಒಂದು ವಿಷಯ ತಿಳಿಯುತ್ತದೆ. ಬಟ್ಟೆ, ಹಿನ್ನೆಲೆ ಎಲ್ಲ ಕುಂಚದ ತೆಳು ಬೀಸು. ಮುಖಕ್ಕೆ ಬಂದ ಕೂಡಲೇ ಬಣ್ಣ ದಪ್ಪ. ಕುಂಚ ಬಿಟ್ಟು ಗಟ್ಟಿಯಾದ ಯಾವುದೋ ಸಲಾಕೆ ಹಿಡಿದಿದ್ದಾರೆ. ಕೆನ್ನೆಯ ಉಬ್ಬನ್ನೇ ಹಿಂಬಾಲಿಸಿ ಚಿಕ್ಕ ಚಿಕ್ಕ ಏಟುಗಳು. ಮೂಗಿನ ಮೇಲೆ ಒಂದೇ ಉದ್ದನೆಯ ಬೆಳಕು. ಆ ಏಟುಗಳ ಗುರುತು ಇವತ್ತಿಗೂ ಬೆಳಕಿಗೆ ಹಿಡಿದರೆ ಕಾಣುತ್ತದೆ. ಆ ಕೈಗೆ ಬಿಸಿಯ ಲೆಕ್ಕ ಗೊತ್ತಿತ್ತು. ವಿದ್ಯುತ್ ಇಲ್ಲದೆ, ಥರ್ಮಾಮೀಟರ್ ಇಲ್ಲದೆ.

ಹೇಗೆ ಮಾಡಿದರು ಅನ್ನುವುದು ಇನ್ನೂ ಚರ್ಚೆಯಲ್ಲಿದೆ. ಪ್ಲಿನಿ ಸಲಕರಣೆಗಳ ಹೆಸರು ಹೇಳುತ್ತಾನೆ, ಅವನ್ನು ಹಿಡಿಯುವ ರೀತಿ ಹೇಳುವುದಿಲ್ಲ. ಮೇಣವನ್ನು ಸಮುದ್ರದ ನೀರು ಮತ್ತು ಸೋಡಾದಂಥ ಕ್ಷಾರದ ಜೊತೆ ಕುದಿಸಿ ಬಿಳಿ ಮಾಡುವ ಕ್ರಮವನ್ನೂ ಬರೆದಿದ್ದಾನೆ. ಅದನ್ನು ಪ್ಯೂನಿಕ್ ಮೇಣ ಅನ್ನುತ್ತಾರೆ. ಫಯೂಮಿನವರು ಕರಗಿಸಿದ ಮೇಣವನ್ನು ಬಿಸಿಯಾಗಿಯೇ ಬಳಸಿದರಾ, ಇಲ್ಲಾ ಹೀಗೆ ಕುದಿಸಿ ಮಾಡಿದ್ದನ್ನು ತಣ್ಣಗೆ ಬಳಸಿದರಾ ಅಂತ ಪಂಡಿತರಲ್ಲಿ ವಾದ ನಡೆಯುತ್ತಲೇ ಇದೆ. 2013ರಲ್ಲಿ ಅಮೆರಿಕದ ಗೆಟ್ಟಿ ಮ್ಯೂಸಿಯಂ ಈ ಚಿತ್ರಗಳನ್ನು ಪರೀಕ್ಷಿಸುವ ದೊಡ್ಡ ಯೋಜನೆ ಶುರುಮಾಡಿತು. ಹತ್ತಾರು ಮ್ಯೂಸಿಯಂಗಳು ತಮ್ಮಲ್ಲಿರುವ ಚಿತ್ರಗಳ ಮರ, ಬಣ್ಣ, ಅಂಟು ಎಲ್ಲವನ್ನೂ ನೋಡಿ ಮಾಹಿತಿ ಹಂಚಿಕೊಂಡವು. ಹಲಗೆಗಳಲ್ಲಿ ಹೆಚ್ಚಿನವು ಲಿಂಡನ್ ಮರದವು. ಅದು ಈಜಿಪ್ಟಿನಲ್ಲಿ ಬೆಳೆಯುವ ಮರವೇ ಅಲ್ಲ, ಯುರೋಪಿನಿಂದ ಹಡಗಿನಲ್ಲಿ ಬಂದದ್ದು. ಅಷ್ಟು ದೂರದಿಂದ ಹಲಗೆ ತರಿಸುತ್ತಿದ್ದರು ಅಂದರೆ ಯಾವ ಹಲಗೆ ಮೇಣ ಹಿಡಿಯುತ್ತದೆ ಅಂತ ಚೆನ್ನಾಗಿಯೇ ತಿಳಿದಿತ್ತು ಅಂತ ನನ್ನ ಊಹೆ.

ಆಮೇಲೆ ಈಜಿಪ್ಟಿನ ಸಿನಾಯ್‌ನ ಸಂತ ಕ್ಯಾಥರೀನ್ ಮಠದ ಕ್ರಿಸ್ತನ ಚಿತ್ರ. ಆರನೇ ಶತಮಾನದ್ದು. ಮೇಣದಲ್ಲೇ ಬರೆದದ್ದು. ಎಂಟು ಮತ್ತು ಒಂಬತ್ತನೇ ಶತಮಾನದಲ್ಲಿ ಬೈಜಾಂಟಿಯಂ ಸಾಮ್ರಾಜ್ಯದಲ್ಲಿ ದೇವರ ಚಿತ್ರಗಳನ್ನು ಒಡೆದು ಸುಟ್ಟರು. ಆಗ ಆ ಮಠ ಮುಸ್ಲಿಂ ಆಡಳಿತದಲ್ಲಿ, ಸಾಮ್ರಾಜ್ಯದ ಕೈಗೆ ಸಿಗದಷ್ಟು ಆಚೆ ಇತ್ತು. ಹಾಗಾಗಿ ಇದು ಉಳಿಯಿತು. ಅದಾದ ಮೇಲೆ ಟೆಂಪೆರಾ ಮುಂದೆ ಬಂತು, ಮೇಣ ಹಿಂದೆ ಬಿತ್ತು. ಮೊಟ್ಟೆಯ ಹಳದಿಗೆ ಬೆಂಕಿ ಬೇಡ, ಕಾವಲಿ ಬೇಡ, ಯಾರಿಗೆ ಬೇಕು ಈ ತಾಪತ್ರಯ ಅಂದುಕೊಂಡಿರಬೇಕು. ಕಲಿಸುವವರು ಹೋದರು. ಕಲಿಕೆಯೂ ಹೋಯಿತು.

ಅದನ್ನು ಮತ್ತೆ ಹುಡುಕಲು ಹೊರಟವರ ಕತೆ ಸ್ವಲ್ಪ ನಗು ಬರಿಸುವಂಥದ್ದು. 1750ರ ದಶಕದ ಪ್ಯಾರಿಸ್. ಕೌಂಟ್ ಕೇಲ್ಯೂಸ್ ಅನ್ನುವ ಹಳೆಯ ವಸ್ತುಗಳ ಪಂಡಿತ ಪ್ಲಿನಿಯನ್ನು ಓದಿ ಓದಿ, ಪ್ರಾಚೀನರ ಮೇಣಚಿತ್ರದ ಕ್ರಮ ಸಿಕ್ಕಿತು ಅಂತ ಸಾರಿದ. ಜೋಸೆಫ್-ಮರೀ ವಿಯಾಂ ಅನ್ನುವ ಚಿತ್ರಕಾರನಿಂದ ಮಿನರ್ವಾ ದೇವಿಯ ತಲೆಯನ್ನು ಆ ಕ್ರಮದಲ್ಲಿ ಬರೆಸಿ ತೋರಿಸಿದ. ಆದರೆ ಕ್ರಮ ಏನು ಅಂತ ಬಾಯಿ ಬಿಡಲಿಲ್ಲ. ಅತ್ತ ಬಾಶೆಲಿಯೆ ಅನ್ನುವ ಇನ್ನೊಬ್ಬ ಚಿತ್ರಕಾರ ತನಗೂ ಮೇಣದ ಕ್ರಮ ಸಿಕ್ಕಿದೆ ಅಂದ. ಜಗಳ ಶುರುವಾಯಿತು. 1755ರಲ್ಲಿ ಫ್ರಾನ್ಸಿನ ಚಿಂತಕ ದಿದೆರೊ ತನ್ನ ಹೆಸರು ಹಾಕದೆ ಒಂದು ಕಿರುಹೊತ್ತಿಗೆ ಪ್ರಕಟಿಸಿ ಬಾಶೆಲಿಯೆಯ ಪಕ್ಷ ವಹಿಸಿದ, ಗುಟ್ಟು ಇಟ್ಟುಕೊಳ್ಳುವವರಿಗೆ ಚೆನ್ನಾಗಿ ಚುಚ್ಚಿದ. ಸಾವಿರ ವರ್ಷದ ಹಿಂದೆ ಕಳೆದುಹೋದದ್ದು ಕೊನೆಗೂ ಸಿಕ್ಕಿತು ಅಂತ ಇಟ್ಟುಕೊಳ್ಳೋಣ. ಸಿಕ್ಕ ತಕ್ಷಣ ಅದನ್ನು ಮತ್ತೆ ಬಚ್ಚಿಡುವುದಾ? ಇದನ್ನು ಓದಿದಾಗಲೆಲ್ಲ ನನಗೆ ದಿದೆರೊ ಮೇಲೆ ಪ್ರೀತಿ ಬರುತ್ತದೆ.

ಇಪ್ಪತ್ತನೇ ಶತಮಾನದಲ್ಲೂ ಒಬ್ಬೊಬ್ಬರೇ. ಡಿಯೆಗೊ ರಿವೇರಾ 1922–23ರಲ್ಲಿ ಮೆಕ್ಸಿಕೊ ನಗರದ ಶಾಲೆಯೊಂದರ ಸಭಾಂಗಣದಲ್ಲಿ ತನ್ನ ಮೊದಲ ದೊಡ್ಡ ಗೋಡೆಚಿತ್ರವನ್ನು ಮೇಣದಲ್ಲೇ ಮಾಡಿದ. ಅಷ್ಟು ದೊಡ್ಡ ಗೋಡೆಗೆ ಮೇಣ! ಆಮೇಲೆ ಹಸಿಗಾರೆಯ ಫ್ರೆಸ್ಕೊಗೆ ಹೋದ. ಹೋಗದೆ ಏನು ಮಾಡುತ್ತಾನೆ. ನಂತರ ಅಮೆರಿಕದ ಚಿತ್ರಕಾರ ಜಾಸ್ಪರ್ ಜಾನ್ಸ್. ಆತ ಬರೆದ 1954–55ರ ಅಮೆರಿಕದ ಬಾವುಟದ ಚಿತ್ರ ಈಗ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿದೆ. ಶುರುಮಾಡಿದ್ದು ಎನಾಮೆಲ್ ಬಣ್ಣದಲ್ಲಿ. ಅದು ಬೇಗ ಒಣಗುತ್ತಿರಲಿಲ್ಲ. ಮುಂದಿನ ಏಟು ಹಾಕಿದರೆ ಹಿಂದಿನದು ಕೆಡುತ್ತಿತ್ತು. ಹಾಗಾಗಿ ಮೇಣಕ್ಕೆ ಬಂದ. ವೃತ್ತಪತ್ರಿಕೆಯ ಚೂರುಗಳನ್ನು ಮೇಣದಲ್ಲಿ ಅದ್ದಿ ಅಂಟಿಸಿದ. ಪಟ್ಟೆಗಳ ಅಡಿಯಲ್ಲಿ ಆ ಅಕ್ಷರಗಳು ಈಗಲೂ ಮಸುಕಾಗಿ ಕಾಣುತ್ತವೆ. ಒಂದೊಂದು ಏಟೂ ಬಿದ್ದಲ್ಲೇ ಬಿಗಿದು ಕೂತಿದೆ.

ಜಾನ್ಸ್ ಕಲಾವಿದರ ಕಣ್ಣು ಮೇಣದ ಕಡೆ ತಿರುಗಿಸಿದ. ಆದರೆ ಕಲಿಸುವ ಸಾಲು ಅಷ್ಟರಿಂದ ಹುಟ್ಟಲಿಲ್ಲ. ಅದು ಹುಟ್ಟಿದ್ದು ನಿಧಾನವಾಗಿ, ವಿದ್ಯುತ್ ಕಾವಲಿ, ಹೀಟ್ ಗನ್, ತಯಾರಾಗಿ ಸಿಗುವ ಬಣ್ಣದ ಗಟ್ಟಿಗಳು ಎಲ್ಲ ಬಂದ ಮೇಲೆ. 2007ರಲ್ಲಿ ಕಲಾವಿದೆ ಜೊಆನ್ ಮಟೇರಾ ಅಮೆರಿಕದ ಮ್ಯಾಸಚೂಸೆಟ್ಸ್‌ನ ಬೆವರ್ಲಿಯಲ್ಲಿ ಎನ್‌ಕಾಸ್ಟಿಕ್‌ಗೇ ಮೀಸಲಾದ ಸಮ್ಮೇಳನ ಶುರುಮಾಡಿದರು. ಆಮೇಲೆ ಅದು ಅದೇ ರಾಜ್ಯದ ಕಡಲತುದಿಯ ಪ್ರಾವಿನ್ಸ್‌ಟೌನ್‌ಗೆ ಹೋಯಿತು. ಆ ಊರು 1899ರಿಂದಲೂ ಚಿತ್ರಕಾರರು ಬಂದು ಕಲಿಯುವ ಜಾಗ. ಒಂದು ಮಾಧ್ಯಮಕ್ಕೆ ಅಂತಲೇ ಸಮ್ಮೇಳನ ಯಾಕೆ, ಜಲವರ್ಣದವರು ಹೀಗೆ ಒದ್ದಾಡುತ್ತಾರಾ ಅಂತ ಗೆಳೆಯರೊಬ್ಬರು ನನ್ನನ್ನು ಕೆಣಕಿದರು. ಜಲವರ್ಣ ಯಾವ ಕಲಾಶಾಲೆಗೆ ಹೋದರೂ ಕಲಿಯಬಹುದು. ಮೇಣಕ್ಕೆ ಪಾಠ ಇಟ್ಟಿರುವ ಕಲಾಶಾಲೆ ಹುಡುಕಿ ತೋರಿಸಿ ಅಂದೆ. ಹಾಗಾಗಿ ನಮ್ಮ ಮಟ್ಟಿಗೆ ಸಮ್ಮೇಳನವೇ ಶಾಲೆ.

ಈಗ ನಾನು ಹೋಗುವ ಕಡೆ ಏನೇನು ಇದೆ, ಅದರಲ್ಲಿ ನಾನು ಏನು ಆರಿಸಿಕೊಂಡೆ ಅಂತ ಹೇಳುತ್ತೇನೆ.

ಮೊದಲನೆಯದು, ಹೇಳಬೇಕಾಗಿಯೇ ಇಲ್ಲ, ಬೆಸುಗೆಯ ವರ್ಕ್‌ಶಾಪ್. ಹೀಟ್ ಗನ್ ಮತ್ತು ಟಾರ್ಚ್ ಎರಡನ್ನೂ ಒಂದೇ ಹಲಗೆಯ ಮೇಲೆ ಹೋಲಿಸಿ ತೋರಿಸುತ್ತಾರಂತೆ. ಗನ್ನಿನಲ್ಲಿ ಬಿಸಿಯ ಜೊತೆ ಗಾಳಿಯೂ ಬರುತ್ತದೆ. ಕರಗಿದ ಮೇಣವನ್ನು ಅದು ದೂಡುತ್ತದೆ, ಮೇಲ್ಮೈಯಲ್ಲಿ ಅಲೆ ಏಳುತ್ತದೆ. ಟಾರ್ಚಿನ ಜ್ವಾಲೆ ದೂಡುವುದು ಕಡಿಮೆ, ಆದರೆ ಕೆಲಸ ಬಲು ಬೇಗ. ಮೇಲಿನ ಪದರ ಕರಗಿ ಕೆಳಗಿನದಕ್ಕೆ ಬಿಸಿ ಇಳಿಯುವ ಮುಂಚೆಯೇ ಬೆಸೆದ ಹಾಗೆ ಕಾಣಿಸಬಹುದು. ನಾನು ಗನ್ನಿನ ಪಕ್ಷ. ಟಾರ್ಚ್ ಹಿಡಿದವರು ಗನ್ನಿನವರನ್ನು ಪುಕ್ಕಲರು ಅನ್ನುತ್ತಾರೆ. ಇರಲಿ. ನೋಡಿ ಬರುತ್ತೇನೆ, ಪಕ್ಷ ಬದಲಿಸಿದರೆ ಆಶ್ಚರ್ಯಪಡಬೇಡಿ.

ಎರಡನೆಯದು ಮೇಣದ ಮಾನೋಟೈಪ್, ಅಂದರೆ ಒಂದೇ ಪ್ರತಿ ಬರುವ ಅಚ್ಚು. ಇಲ್ಲಿ ಗನ್ನೂ ಇಲ್ಲ, ಟಾರ್ಚೂ ಇಲ್ಲ. ಅಲ್ಯೂಮಿನಿಯಂ ತಟ್ಟೆಯನ್ನು ಕೆಳಗಿನಿಂದ ಬಿಸಿ ಮಾಡಿಟ್ಟಿರುತ್ತಾರೆ. ಬಣ್ಣದ ಮೇಣದ ಗಟ್ಟಿಯಿಂದ ನೇರವಾಗಿ ಅದರ ಮೇಲೆ ಗೆರೆ ಎಳೆಯುವುದು. ಎಳೆದಂತೆಯೇ ಕರಗುತ್ತದೆ. ಅದರ ಮೇಲೆ ತೆಳು ಜಪಾನಿ ಕಾಗದ ಇಟ್ಟು ಹಗುರವಾಗಿ ಸವರಿ ಎತ್ತಿದರೆ ಚಿತ್ರ ಕಾಗದದೊಳಗೆ ಇಳಿದಿರುತ್ತದೆ. ಕಾಗದದ ಮೇಲೆ ಅಲ್ಲ, ಒಳಗೆ. ಹಿಂದಿನಿಂದ ಬೆಳಕು ಬಿದ್ದರೆ ಎರಡೂ ಕಡೆ ಕಾಣುತ್ತದೆ. ಕಾಗದ ತುಂಬ ಹೊತ್ತು ಇದ್ದರೆ ಗೆರೆ ಹರಡಿ ಮೋಡ, ಬೇಗ ಎತ್ತಿದರೆ ಅರ್ಧಂಬರ್ಧ. ಬೆಸೆಯುವ ಗೋಜಿಲ್ಲ. ಚಿತ್ರ ಬರೆಯುವ ವೇಗದಲ್ಲೇ ಮುಗಿಯುತ್ತದೆ. ಹಲಗೆಯ ಮೇಲೆ ದಿನಗಟ್ಟಲೆ ಪದರ ಕಟ್ಟಿ ಬೇಸತ್ತ ಕೈಗೆ ಇದು ಬೇಕು.

ವೇಗದ ಮಾತು ಬಂದಾಗ ಸಿಕಿಯೋನಿನ ಪಾಸಿಯಾಸ್ ನೆನಪಾಗುತ್ತಾನೆ. ಕ್ರಿಸ್ತಪೂರ್ವ ನಾಲ್ಕನೇ ಶತಮಾನದ ಗ್ರೀಕ್ ಚಿತ್ರಕಾರ. ಚಿಕ್ಕ ಚಿತ್ರಗಳನ್ನೇ ಬರೆಯುತ್ತಿದ್ದ. ಮೇಣದ ಕೆಲಸ ನಿಧಾನ, ದೊಡ್ಡದು ಇವನಿಂದ ಆಗಲ್ಲ ಅಂತ ಎದುರಾಳಿಗಳು ಆಡಿಕೊಂಡರಂತೆ. ಆಗ ಒಬ್ಬ ಹುಡುಗನ ಚಿತ್ರವನ್ನು ಒಂದೇ ದಿನದಲ್ಲಿ ಮುಗಿಸಿ ತೋರಿಸಿದನಂತೆ. ಇದೂ ಪ್ಲಿನಿಯೇ ಹೇಳಿದ ಕತೆ. ಕಲಾವಿದರ ಜಗಳ ಯಾವ ಕಾಲದಲ್ಲೂ ಒಂದೇ, ಅಲ್ವಾ?

ಇನ್ನು ಮಾತುಗಳಲ್ಲಿ, ಚಿತ್ರ ಸಂರಕ್ಷಣೆ ಮಾಡುವವರದ್ದು ಒಂದಿದೆ. ಅದನ್ನು ಬಿಡುವುದಿಲ್ಲ. ಹೊಸ ಮೇಣಚಿತ್ರದ ಮೇಲೆ ಕೆಲವು ಸಲ ಬೂಷ್ಟಿನ ಹಾಗೆ ಬಿಳಿ ಮಬ್ಬು ಬರುತ್ತದೆ. ಚಿತ್ರ ಕೊಂಡವರು ಗಾಬರಿಯಾಗಿ ಫೋನ್ ಮಾಡುತ್ತಾರೆ. ಅದು ಬೂಷ್ಟಲ್ಲ, ಮೇಣವೇ ಮೇಲೆ ಬಂದಿರುವುದು. ಮೆತ್ತನೆಯ ಬಟ್ಟೆಯಿಂದ ಹಗುರವಾಗಿ ಉಜ್ಜಿದರೆ ಹೋಗುತ್ತದೆ, ಹೊಳಪೂ ಬರುತ್ತದೆ. ಆದರೆ ಉಬ್ಬುತಗ್ಗು ಜಾಸ್ತಿ ಇರುವ ಚಿತ್ರದಲ್ಲಿ ಉಜ್ಜುವುದು ಹೇಗೆ? ಸಂದಿಯಲ್ಲಿ ಕೂತ ಮಬ್ಬಿಗೆ ಏನು ಮಾಡಬೇಕು? ಚಿತ್ರ ಕೊಂಡವರಿಗೆ ಇದನ್ನು ಬರೆದುಕೊಡುವುದು ಹೇಗೆ? ಇವು ಗಂಟು ಕಟ್ಟಿಕೊಂಡು ಹೋಗುತ್ತಿರುವ ಪ್ರಶ್ನೆಗಳು.

ಬಿಟ್ಟದ್ದೂ ಇದೆ. ಅರಗಿನ ವಾರ್ನಿಷ್ ಹಚ್ಚಿ ಟಾರ್ಚಿನಿಂದ ಸುಡುವ ಪ್ರಾತ್ಯಕ್ಷಿಕೆಗೆ ನಾನು ಹೋಗುವುದಿಲ್ಲ. ಸುಟ್ಟಾಗ ಜೇಡರ ಬಲೆಯಂಥ ಕಂದು ಜಾಲ ಮೂಡುತ್ತದೆ, ಚಂದ ಕಾಣುತ್ತದೆ, ನಿಜ. ಆದರೆ ಯಾರು ಸುಟ್ಟರೂ ಅದೇ ಜಾಲ. ಎಲ್ಲರ ಚಿತ್ರವೂ ಒಬ್ಬರೇ ಬರೆದ ಹಾಗೆ ಆಗಿಬಿಟ್ಟಿದೆ. ಅದೂ ಅಲ್ಲದೆ ಆ ವಾರ್ನಿಷ್‌ನಲ್ಲಿರುವುದು ಆಲ್ಕೊಹಾಲ್. ಅರಗಿನ ಮನೆಯ ಕತೆ ಕೇಳಿ ಬೆಳೆದವರಿಗೆ ಅರಗಿಗೆ ಬೆಂಕಿ ಇಟ್ಟರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾ?

ಇದರ ಬೆನ್ನಿಗೇ ಒಂದು ಗುಮಾನಿಯನ್ನೂ ಹೇಳಿಬಿಡುತ್ತೇನೆ. ಮೇಣ ತನ್ನಷ್ಟಕ್ಕೇ ಚಂದ. ಏನೂ ಮಾಡದೆ ಸುಮ್ನೆ ನಾಲ್ಕು ಪದರ ಬಳಿದರೂ ಆಳ ಕಾಣುತ್ತದೆ, ಒಳಗಿನಿಂದ ಬೆಳಕು ಬಂದ ಹಾಗಿರುತ್ತದೆ, ಮೇಲಾಗಿ ಜೇನಿನ ವಾಸನೆ. ನೋಡಿದವರು ಆಹಾ ಅನ್ನುತ್ತಾರೆ. ಆ ಆಹಾ ಚಿತ್ರಕ್ಕಾ ಮೇಣಕ್ಕಾ? ಬರೀ ಮೇಣದವರೇ ಸೇರಿದ ಪ್ರದರ್ಶನದಲ್ಲಿ ಈ ಪ್ರಶ್ನೆ ಮರೆತುಹೋಗುವ ಅಪಾಯ ಇದೆ. ಜಾನ್ಸ್ ಮೇಣಕ್ಕೆ ಬಂದದ್ದು ಅದು ಚಂದ ಅಂತ ಅಲ್ಲ. ಏಟು ಕೆಡದೆ ನಿಲ್ಲಬೇಕಿತ್ತು, ಮೇಣ ನಿಲ್ಲಿಸಿತು. ಫಯೂಮಿನವರು ದಪ್ಪ ಮೇಣವನ್ನು ಮುಖಕ್ಕೆ ಮಾತ್ರ ಇಟ್ಟುಕೊಂಡರು. ಹಾಗಾಗಿ ಅಲ್ಲಿಯ ಪ್ರದರ್ಶನದಲ್ಲಿ ಪ್ರತಿ ಚಿತ್ರದ ಮುಂದೆ ನಿಂತು ನಾನು ಕೇಳಿಕೊಳ್ಳುವುದು ಒಂದೇ: ಇದನ್ನೇ ಅಕ್ರಿಲಿಕ್‌ನಲ್ಲಿ ಮಾಡಿದ್ದರೆ ಏನು ಕಳೆದುಹೋಗುತ್ತಿತ್ತು? ಏನೂ ಇಲ್ಲ ಅನ್ನಿಸಿದರೆ ಮುಂದಕ್ಕೆ ಹೋಗುತ್ತೇನೆ. ನನ್ನ ಚಿತ್ರದ ಮುಂದೆಯೂ ಯಾರಾದರೂ ಹಾಗೇ ಕೇಳಲಿ.

ಮಳಿಗೆಗಳ ಬಗ್ಗೆ ಜಾಸ್ತಿ ಹೇಳಲ್ಲ. ಬಣ್ಣ, ಸಲಕರಣೆ ಮಾರುವವರು ಸಾಲಾಗಿ ಕೂತಿರುತ್ತಾರೆ. ಬೇಡದ್ದೆಲ್ಲ ಬೇಕು ಅನ್ನಿಸುತ್ತದೆ. ಒಂದು ಒಳ್ಳೆಯ ಥರ್ಮಾಮೀಟರ್ ಕೊಂಡು ಆಚೆ ಬರುವುದು ಜಾಣತನ.

ನಿಮ್ಮಲ್ಲಿ ಕೆಲವರು ನಾವೂ ಶುರುಮಾಡಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ. ಆದರೆ ಬಣ್ಣ ಕೊಳ್ಳುವ ಮುಂಚೆ ಗಾಳಿಯ ವ್ಯವಸ್ಥೆ ಮಾಡಿಕೊಳ್ಳಿ. ಕಿಟಕಿ ತೆರೆದರೆ ಸಾಕು ಅನ್ನುವವರಿದ್ದಾರೆ. ಸಾಲದು. ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಬಂದು, ಕಾವಲಿ ದಾಟಿ, ಎದುರಿನ ಎಕ್ಸಾಸ್ಟ್ ಫ್ಯಾನಿನಿಂದ ಆಚೆ ಹೋಗಬೇಕು. ಫ್ಯಾನ್ ನಿಮ್ಮ ಹಿಂದಿದ್ದರೆ ಆವಿಯೆಲ್ಲ ಮೊದಲು ನಿಮ್ಮ ಮೂಗಿನ ಮುಂದೆ ಮೆರವಣಿಗೆ ಹೊರಟು ಆಮೇಲೆ ಹೊರಗೆ ಹೋಗುತ್ತದೆ. ಕಾವಲಿಯನ್ನೂ ಹೀಟ್ ಗನ್ನನ್ನೂ ಒಂದೇ ಪ್ಲಗ್ಗಿಗೆ ಸಿಕ್ಕಿಸಬೇಡಿ. ಎರಡೂ ಕರೆಂಟು ಕುಡಿಯುವ ಯಂತ್ರಗಳು, ಫ್ಯೂಸ್ ಹೋಗುತ್ತದೆ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ, ಕಾವಲಿ ಮುಚ್ಚುವಷ್ಟು ದೊಡ್ಡ ಲೋಹದ ಮುಚ್ಚಳ ಇರಲಿ. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಮಾತ್ರ ಹಾಕಬೇಡಿ, ಉರಿಯುವ ಮೇಣ ಸಿಡಿದು ಹರಡುತ್ತದೆ. ಮುಚ್ಚಿ, ಉಸಿರು ಕಟ್ಟಿಸಿ. ಕ್ಯಾಡ್ಮಿಯಂ, ಕೋಬಾಲ್ಟ್, ಸೀಸದ ಬಣ್ಣಗಳ ಒಣ ಪುಡಿ ಬೆರೆಸುವ ಸಾಹಸ ಮನೆಯಲ್ಲಿ ಬೇಡ. ತಯಾರಾದ ಗಟ್ಟಿಗಳೇ ಸಿಗುತ್ತವೆ.

ಕೊನೆಗೆ ಒಂದು ಪ್ಯಾಕಿಂಗ್ ವಿಷಯ. ನಾನೂ ಒಂದು ಚಿತ್ರ ಕೊಂಡೊಯ್ಯುತ್ತಿದ್ದೇನೆ. ಗುಳ್ಳೆಗಳ ಪ್ಲಾಸ್ಟಿಕ್ ಹಾಳೆ ಇದೆಯಲ್ಲ, ಅದನ್ನು ನೇರವಾಗಿ ಮೇಣದ ಮೇಲೆ ಸುತ್ತಬಾರದು. ಬಿಚ್ಚಿದಾಗ ಚಿತ್ರದ ತುಂಬ ಗುಂಡು ಗುಂಡು ಅಚ್ಚು. ಮೊದಲು ನುಣುಪಾದ ಗ್ಲಾಸೀನ್ ಹಾಳೆ, ಆಮೇಲೆ ಬೇರೆ ಏನಾದರೂ. ಅಂಚು, ಮೂಲೆಗಳಿಗೆ ಪೆಟ್ಟಾಗದ ಹಾಗೆ ಪೆಟ್ಟಿಗೆಯೊಳಗೆ ಬಿಗಿಯಾಗಿ ಕೂರಿಸಬೇಕು. ಮೇಣಚಿತ್ರ ಒಡೆಯುವುದು ಹೆಚ್ಚಾಗಿ ಮೂಲೆಯಲ್ಲೇ.

ನಿಮ್ಮ ಪ್ರಶ್ನೆಗಳಿದ್ದರೆ ಒಂದು ಚೀಟಿಯಲ್ಲಿ ಬರೆದು ಕೊಡಿ, ಅಲ್ಲಿ ಕೇಳಿಕೊಂಡು ಬರುತ್ತೇನೆ. ಈಗಾಗಲೇ ಎರಡು ಬಂದಿವೆ. ಒಬ್ಬರು ಹಳೆಯ ಫೋಟೊ ಪ್ರಿಂಟಿನ ಮೇಲೆ ಮೇಣ ಬಳಿಯಬಹುದಾ ಅಂತ ಕೇಳಿದ್ದಾರೆ. ಹೊಳಪಿನ ಫೋಟೊ ಕಾಗದ ಮೇಣ ಹೀರುವುದಿಲ್ಲ, ಹೀರುವ ಕಾಗದಕ್ಕೆ ಪ್ರಿಂಟ್ ಹಾಕಿಸಿಕೊಳ್ಳಿ ಅನ್ನುವಷ್ಟು ನಾನೇ ಹೇಳಬಲ್ಲೆ. ಬಣ್ಣ ಎಷ್ಟು ವರ್ಷ ನಿಲ್ಲುತ್ತದೆ ಅಂತ ಸಂರಕ್ಷಣೆಯವರನ್ನೇ ಕೇಳುತ್ತೇನೆ. ಇನ್ನೊಬ್ಬರದ್ದು ಟಾರ್ಚಿನವರಿಗೆ ಕೇಳಬೇಕಾದ ಪ್ರಶ್ನೆ: ಕಪ್ಪು ಬಣ್ಣದ ಪಕ್ಕದಲ್ಲಿ ಬಿಳಿ ಇದ್ದಾಗ ಎರಡನ್ನೂ ಒಟ್ಟಿಗೆ ಬೆಸೆದರೂ ಬಿಳಿ ಕೊಳೆಯಾಗದ ಹಾಗೆ ಕೈ ಹೇಗೆ ಸರಿಸುತ್ತೀರಿ? ಇದನ್ನು ಕೇಳುವುದಿಲ್ಲ, ಮಾಡಿ ತೋರಿಸಿ ಅನ್ನುತ್ತೇನೆ.